ಸಾಕ್ಷಿ ಮಮ್ಮಿದು, ಸಂಗತಿ ನಂದು

ಮಕ್ಕಳನ್ನ ಇಟ್ಟುಕೊಂಡು ಕ್ರೈಸ್ತ ಕುಟುಂಬ ಜೀವನದ ಬಗ್ಗೆ ಬ್ಲಾಗು, ವಿಡಿಯೊ ಶುರು ಮಾಡ್ಬೇಕು ಅಂತ ನಿಮ್ಮ ಹೆಂಡತಿ ಹೇಳ್ತಿದ್ದಾರೆ, ಇಂಥ ತಾಯಂದಿರ ಮಕ್ಕಳು ದೊಡ್ಡವರಾದ ಮೇಲೆ ಹೇಗಿರ್ತಾರೆ ಅಂತ ಕೇಳಿದ್ದೀರಿ. ನಾನು ಅಂಥವರ ಮಗಳೇ. ಬಳ್ಳಾರಿ ಕೌಲ್ ಬಜಾರ್ ಕಡೆಯವಳು.

ಮಮ್ಮಿ 2011ರಲ್ಲಿ ಬ್ಲಾಗು ಬರೆಯೋಕೆ ಶುರು ಮಾಡಿದ್ಲು. ದಿನಕ್ಕೊಂದು ಬೈಬಲ್ಲಿನ ವಾಗ್ದಾನ ವಚನ, ಅದರ ಕೆಳಗೆ ನಮ್ಮನೆಯ ಸಾಕ್ಷಿ, ಅಂದ್ರೆ ದೇವರು ನಮಗೆ ಮಾಡಿದ್ದನ್ನ ನಾಲ್ಕು ಜನಕ್ಕೆ ಹೇಳೋದು. ನನಗಾಗ ಒಂಬತ್ತು ವರ್ಷ, ರಾತ್ರಿ ಹಾಸಿಗೆ ಒದ್ದೆ ಮಾಡ್ತಿದ್ದೆ. ಉಪವಾಸ ಪ್ರಾರ್ಥನೆಯಿಂದ ಅದು ನಿಂತಿತು ಅಂತ ನನ್ನ ಹೆಸರು ಹಾಕಿ ಬರೆದಳು. ಮುಂದಿನ ಭಾನುವಾರ ಆರಾಧನೆ ಮುಗಿಸಿ ಚಪ್ಪಲಿ ಹಾಕ್ಕೊಳ್ತಿದ್ದಾಗ ಒಬ್ಬ ಆಂಟಿ ಗಲ್ಲ ಹಿಡಿದು, "ಈಗ ಹಾಸಿಗಿ ಒಣಗಿರ್ತೈತಲ್ಲಾ?" ಅಂದರು. ಪ್ರೀತಿಯಿಂದಲೇ ಕೇಳಿದ್ದು. ಆದರೆ ಅದು ಪೂರ್ತಿ ನಿಂತಿರಲಿಲ್ಲ. ಆಮೇಲೆ ಒದ್ದೆಯಾದಾಗೆಲ್ಲ ದೇವರ ಹೆಸರು ನಾನೇ ಕೆಡಿಸಿದೆ ಅನ್ನಿಸಿ, ಎಲ್ಲರಿಗಿಂತ ಮುಂಚೆ ಎದ್ದು ಚಾದರ ಟ್ರಂಕಿನ ಹಿಂದೆ ತುರುಕ್ತಿದ್ದೆ.

1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಂದಾಗಿನಿಂದ ಮಿಷನ್ ಇರುವ ಊರು ನಮ್ಮದು. ಒಬ್ಬರ ಮನೆ ಸುದ್ದಿ ಇನ್ನೊಬ್ಬರಿಗೆ ಮುಟ್ಟೋಕೆ ಇಂಟರ್‌ನೆಟ್ ಬೇಕಿರಲಿಲ್ಲ. ಆದರೆ ಜನ ಮರೀತಿದ್ರು.

2016ರಲ್ಲಿ ಜಿಯೊ ಬಂದ ಮೇಲೆ ಯೂಟ್ಯೂಬ್. ಏಪ್ರಿಲ್ ಬಿಸಿಲು, ಸದ್ದು ಬರುತ್ತೆ ಅಂತ ಫ್ಯಾನ್ ಬಂದ್. ಒಗ್ಗಾಣಿ, ಮಿರ್ಚಿ ತಟ್ಟೆಯಲ್ಲೇ ತಣ್ಣಗಾಗ್ತಿದ್ರೆ ಊಟದ ಪ್ರಾರ್ಥನೆ ಮೂರನೇ ಸಲ. "ಮೊದಲನೇದು ದೇವರಿಗೆ ಕೇಳ್ಸಿಲ್ಲೇನು?" ಅಂದ ನನ್ನ ತಮ್ಮ. ಹಾಗಂದವನಿಗೇ ಕ್ಯಾಮೆರಾ ಅಂದ್ರೆ ಇಷ್ಟ. ಈಗ ಚರ್ಚಲ್ಲಿ ಕೀಬೋರ್ಡ್ ನುಡಿಸ್ತಾನೆ, ಯಾವ ಬೇಜಾರೂ ಇಲ್ಲ. ಒಂದೇ ಮನೆಯ ಮಕ್ಕಳೇ ಹೀಗೆ, ಇನ್ನು ಎಲ್ಲರದ್ದೂ ನಾನು ಹೇಗೆ ಹೇಳಲಿ?

ಅಮೆರಿಕದ ಯೂಟಾ ರಾಜ್ಯದ ರೂಬಿ ಫ್ರಾಂಕಿ ವಿಷಯ ನೀವು ಓದಿರಬಹುದು. ಆರು ಮಕ್ಕಳ ತಾಯಿ, ಮಾರ್ಮನ್ ಪಂಥದವರು, ಮನೆಯ ಚಾನೆಲ್‌ಗೆ ಸುಮಾರು 25 ಲಕ್ಷ ಚಂದಾದಾರರು. ಮಕ್ಕಳಿಗೆ ಹಿಂಸೆ ಕೊಟ್ಟಿದ್ದಕ್ಕೆ 2024ರಲ್ಲಿ ಜೈಲು ಶಿಕ್ಷೆ ಆಯ್ತು. ನಮ್ಮಮ್ಮನನ್ನ ಆಕೆ ಪಕ್ಕ ನಿಲ್ಲಿಸೋದು ಅನ್ಯಾಯ. ಆದರೆ ಆಕೆಯ ದೊಡ್ಡ ಮಗಳು ಶಾಸಕರ ಮುಂದೆ ಹೋಗಿ ಮಾತಾಡಿದಳು, 2025ರಲ್ಲಿ ಅಲ್ಲಿ ಕಾನೂನೂ ಬಂತು: ಸಂಪಾದನೆಯಲ್ಲಿ ಮಕ್ಕಳ ಪಾಲು ಎತ್ತಿಡಬೇಕು, ದೊಡ್ಡವರಾದ ಮೇಲೆ ಅವರು ಕೇಳಿದ್ರೆ ವಿಡಿಯೊ ತೆಗೀಬೇಕು. ನಮ್ಮಲ್ಲೂ ಸಿನಿಮಾ, ಟಿವಿಯಲ್ಲಿ ಮಾಡುವ ಮಕ್ಕಳ ಗಳಿಕೆಯಲ್ಲಿ ಕನಿಷ್ಠ 20 ಪರ್ಸೆಂಟ್ ಅವರ ಹೆಸರಲ್ಲಿ ಎಫ್‌ಡಿ ಇಡಬೇಕು ಅನ್ನೋ ನಿಯಮ ಇದೆ, ಜಿಲ್ಲಾಧಿಕಾರಿ ಪರವಾನಗಿನೂ ಬೇಕು. ಅಡುಗೆಮನೇಲಿ ಅಮ್ಮನೇ ಫೋನ್ ಹಿಡಿದ್ರೆ ಯಾರು ಡಿಸಿ ಆಫೀಸಿಗೆ ಹೋಗ್ತಾರೆ?

ಹಾಗಾಗಿ ನಿಮ್ಮ ಮನೆಯವರಿಗೆ ಹೇಳಿ: ತಮ್ಮ ಸಾಕ್ಷಿ ಎಷ್ಟು ಬೇಕಾದ್ರೂ ಹೇಳಲಿ. ಮಗುವಿನ ಕಾಯಿಲೆ, ಮಾರ್ಕ್ಸು, ಪೆಟ್ಟು ತಿಂದದ್ದು ಬೇಡ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡು ಅಂತ ಮತ್ತಾಯ 6ರಲ್ಲೇ ಇದೆಯಲ್ಲ.

ಡಿಗ್ರಿ ಮುಗಿದ ಮೇಲೆ ಮಮ್ಮಿಗೆ ಎಲ್ಲ ಹೇಳಿದೆ, ಚಾದರದ್ದೂ ಸೇರಿ. ಅತ್ತಳು, ನನ್ನ ವಿಷಯದವು ಹನ್ನೊಂದು ತೆಗೆದಳು. ಹೋದ ವಾರ ಫೋನ್ ಮಾಡಿ, "ನಿನ್ ನೌಕರಿ ವಿಷ್ಯ ಸಾಕ್ಷಿ ಹೇಳ್ಲಾ?" ಅಂದಳು. ಆರ್ಡರ್ ಇನ್ನೂ ಕೈಗೆ ಬಂದಿಲ್ಲ ಮಮ್ಮಿ, ಅಂದೆ.