ಅಪ್ಪನಿಗೆ ಮರೆವಿನ ಕಾಯಿಲೆ ಇದೆ, ಆಪರೇಷನ್‌ಗೆ ಅವರ ಬದಲು ನಾವೇ ಸಹಿ ಹಾಕಬಹುದಾ?

ನಿಮ್ಮ ಅಪ್ಪ ಕಾಲಿನ ಆಪರೇಷನ್ ಬೇಡ ಅಂತಿದ್ದಾರೆ, ಹೇಗೂ ಮರೆವಿದೆ, ಮನೆಯವರೇ ಸಹಿ ಹಾಕಿಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹಾಕಬೇಡಿ. ಅವರನ್ನು ಸರಿಯಾಗಿ ಕೇಳುವುದು ಇನ್ನೂ ಬಾಕಿ ಇದೆ ಅನಿಸುತ್ತೆ.

ನಾನು ನರ್ಸ್. ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿಯ ಫೈಲಿನಲ್ಲಿ 'ಹೇಳಿದ್ದು ಅರ್ಥವಾಗುವುದಿಲ್ಲ' ಅಂತ ಬರೆದಿತ್ತು. ಡಾಕ್ಟರು ಸಂಜೆ ಹೊತ್ತಲ್ಲಿ ಬಂದು, ಮಂಚದ ತುದಿಯಲ್ಲಿ ನಿಂತು, ಮಗನ ಮುಖ ನೋಡಿಕೊಂಡು, ಊಟಕ್ಕೆ ಟ್ಯೂಬ್ ಹಾಕುವ ಬಗ್ಗೆ ಮಾತಾಡಿದ್ದರು. ಅಜ್ಜಿ ಸುಮ್ನೆ ತಲೆಯಾಡಿಸಿದ್ದರು. ಮರುದಿನ ಬೆಳಿಗ್ಗೆ ಅವರ ಕಿವಿ ಮಷೀನಿಗೆ ಹೊಸ ಸೆಲ್ ಹಾಕಿದೆ, ಕನ್ನಡಕ ಒರೆಸಿ ಕೊಟ್ಟೆ, ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದೆ. "ಟ್ಯೂಬ್ ಹಾಕಿದ ಮೇಲೆ ಬಾಯಲ್ಲಿ ಏನೂ ತಿನ್ನೋ ಹಾಗಿಲ್ವಾ? ಎಷ್ಟು ದಿನ?" ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು.

ಮರೆವಿದೆ ಅಂದ ಮಾತ್ರಕ್ಕೆ ತೀರ್ಮಾನ ಮಾಡುವ ಶಕ್ತಿ ಇಲ್ಲ ಅಂತ ಅಲ್ಲ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ (ಮೆಂಟಲ್ ಕೆಪ್ಯಾಸಿಟಿ ಆಕ್ಟ್) ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಹೇಳಿದ್ದು ಅರ್ಥವಾಗಬೇಕು, ತೀರ್ಮಾನ ಮಾಡುವಷ್ಟು ಹೊತ್ತು ನೆನಪಿರಬೇಕು, ಒಳ್ಳೆಯದು ಕೆಟ್ಟದ್ದು ತೂಗಿ ನೋಡಲು ಆಗಬೇಕು, ತನ್ನ ತೀರ್ಮಾನವನ್ನು ಹೇಗಾದರೂ ತಿಳಿಸಲು ಬರಬೇಕು. ಕೈಸನ್ನೆ ಆದರೂ ಸಾಕು. ಅದೂ ಈ ಒಂದು ವಿಷಯಕ್ಕೆ, ಈ ಹೊತ್ತಿಗೆ ಮಾತ್ರ. ಬ್ಯಾಂಕ್ ಲೆಕ್ಕ ತಿಳಿಯದವರಿಗೆ ಆಪರೇಷನ್ ಬೇಕೋ ಬೇಡವೋ ಅನ್ನುವುದು ತಿಳಿಯಬಹುದು, ಅಲ್ವಾ?

ಇನ್ನು 'ಬೇಡ' ಅನ್ನುವುದು. ಅದು ನಮಗೆ ತಪ್ಪು ಅನಿಸಿದರೂ, ಅದೊಂದನ್ನೇ ಹಿಡಿದು ಅವರಿಗೆ ತಿಳಿಯಲ್ಲ ಅನ್ನುವ ಹಾಗಿಲ್ಲ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಈ ಮಾತಿದೆ. 1993ರಲ್ಲಿ ಇಂಗ್ಲೆಂಡಿನಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದ್ದ 68 ವರ್ಷದವರೊಬ್ಬರ ಪಾದಕ್ಕೆ ಗ್ಯಾಂಗ್ರೀನ್ ಆಗಿತ್ತು, ಅಂದರೆ ಮಾಂಸ ಕೊಳೆಯುತ್ತಿತ್ತು. ತಾನೇ ದೊಡ್ಡ ಡಾಕ್ಟರ್ ಅಂತ ನಂಬಿದ್ದವರು. ಕಾಲು ಕತ್ತರಿಸಬೇಡಿ ಅಂದರು. ಕೋರ್ಟ್ ಅವರ ಮಾತನ್ನೇ ಎತ್ತಿಹಿಡಿಯಿತು. ಭ್ರಮೆ ಇದ್ದರೂ ಕಾಲಿನ ವಿಷಯ ಅವರಿಗೆ ಅರ್ಥವಾಗಿದೆ ಅಂತ ನ್ಯಾಯಾಧೀಶರಿಗೆ ಮನವರಿಕೆಯಾಗಿತ್ತು.

ಎಲ್ಲ ಪ್ರಯತ್ನ ಮಾಡಿಯೂ ಅಪ್ಪನಿಗೆ ಅರ್ಥವಾಗದಿದ್ದರೆ, ಅದನ್ನು ಹೇಗೆ ಪರೀಕ್ಷಿಸಿದರು ಅಂತ ಡಾಕ್ಟರು ಬರೆದಿಡಲಿ. ಯಾರು ಸಹಿ ಹಾಕಬಹುದು ಅನ್ನುವುದು ಊರೂರಿನ ಕಾನೂನಿಗೆ ಬಿಟ್ಟಿದ್ದು, ಆಸ್ಪತ್ರೆಯಲ್ಲೇ ಕೇಳಿ. ಯಾರೇ ಹಾಕಲಿ, ನಮಗೆ ಯಾವುದು ಸುಲಭ ಅಂತ ನೋಡಬಾರದು. ಬುದ್ಧಿ ನೆಟ್ಟಗಿದ್ದಾಗ ಅವರು ಏನು ಹೇಳುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು ಅನ್ನುವುದನ್ನು ನೆನಪು ಮಾಡಿಕೊಳ್ಳಿ. ಪ್ರಜ್ಞೆಯೇ ಇಲ್ಲದೆ ಜೀವಕ್ಕೆ ಅಪಾಯ ಇದ್ದಾಗಿನ ಮಾತು ಬೇರೆ, ಆಗ ಡಾಕ್ಟರು ಕಾಯುವುದಿಲ್ಲ.

ನಾಳೆ ಅವರ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿ ಕೂತು ಮಾತಾಡಿ. ಟಿವಿ ಆರಿಸಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಅವರ ಮಾತಲ್ಲೇ ತಿರುಗಿ ಹೇಳಿಸಿ. ಬೇಡ ಅಂದರೆ ಯಾಕೆ ಅಂತ ಕೇಳಿ, ಉತ್ತರ ಬರುವ ತನಕ ಕಾಯಿರಿ. ಎಷ್ಟೋ ಸಲ ಆಪರೇಷನ್ ಬಗ್ಗೆ ತಕರಾರೇ ಇರುವುದಿಲ್ಲ. ಆಮೇಲೆ ನನ್ನನ್ನು ಮನೆಗೆ ಕರಕೊಂಡು ಹೋಗ್ತೀರಾ ಅನ್ನುವ ಭಯ ಇರುತ್ತದೆ.