ಉಪ್ಪನ (ತಂದೆಯ) ಹಜ್ಜ್ ಬಾಕಿ ಉಳಿದಿದೆ: ಯಾರು ಹೋಗಬೇಕು, ದುಡ್ಡು ಯಾರದು?

ಪ್ರಶ್ನೆ: ಅಸ್ಸಲಾಮು ಅಲೈಕುಂ ಉಸ್ತಾದರೇ. ನಮ್ಮದು ಕೊಡಗಿನ ನಾಪೋಕ್ಲು ಕಡೆ. ಉಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹಜ್ಜಿಗೆ ಅಂತಲೇ 2014ರಲ್ಲಿ ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದರು. ಅರ್ಜಿ ಮಾತ್ರ ಹಾಕಲಿಲ್ಲ. ಮೊದಲು ತಂಗಿಯ ಮದುವೆ ಆಗಲಿ ಅಂದರು, ಆಮೇಲೆ ಕಾಳುಮೆಣಸಿಗೆ ರೇಟು ಬರಲಿ ಅಂದರು. 2018ರ ಮಳೆಗೆ ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿಯಿತು, ಆ ದುಡ್ಡೆಲ್ಲ ರಿಪೇರಿಗೆ ಹೋಯಿತು. ಮತ್ತೆ ಸ್ಟ್ರೋಕ್ ಆಗಿ ಮೂರು ವರ್ಷ ಮಲಗಿದ್ದರು. ವಸಿಯ್ಯತ್ (ಮರಣಶಾಸನ) ಏನೂ ಮಾಡಿಲ್ಲ. ನಾಲ್ಕು ಎಕರೆ ಕಾಫಿ ತೋಟ, ಸ್ವಲ್ಪ ಡಿಪಾಸಿಟ್ ಇದೆ, ಇನ್ನೂ ಪಾಲಾಗಿಲ್ಲ. ದೊಡ್ಡ ಇಕ್ಕ (ಅಣ್ಣ) ಇನ್ನೂ ಹಜ್ಜ್ ಮಾಡಿಲ್ಲ, 'ಈ ಸಲ ಹೋಗುವ ಹಜ್ಜನ್ನು ಉಪ್ಪನ ಹೆಸರಿಗೇ ಮಾಡುತ್ತೇನೆ' ಅನ್ನುತ್ತಾರೆ. ತಮ್ಮ ರಿಯಾದ್‌ನಲ್ಲಿದ್ದಾನೆ, ಅವನದು ಆಗಿದೆ. ಇಲ್ಲೊಬ್ಬ ಏಜೆಂಟ್ 60 ಸಾವಿರ ಕೊಟ್ಟರೆ ಮಕ್ಕಾದಲ್ಲಿರುವವರಿಂದ ಮಾಡಿಸಿ ಸರ್ಟಿಫಿಕೇಟ್ ಕೊಡುತ್ತೇನೆ ಅನ್ನುತ್ತಾನೆ. ತಂಗಿಯರ ಕೈಯಿಂದ ದುಡ್ಡು ಕೇಳಬೇಕಾ ಅಂತಲೂ ಮನೆಯಲ್ಲಿ ಮಾತು ನಡೆದಿದೆ. ನಾವು ಶಾಫಿಈಗಳು (ಇಸ್ಲಾಮಿನ ಧರ್ಮಶಾಸ್ತ್ರದ ಒಂದು ಪಂಥದವರು). ಏನು ಮಾಡಬೇಕು?

ಉತ್ತರ: ವ ಅಲೈಕುಮುಸ್ಸಲಾಂ. ಅಲ್ಲಾಹು ನಿಮ್ಮ ಉಪ್ಪನ ಖಬರ್ (ಗೋರಿ) ಬೆಳಗಿಸಲಿ.

ಯಾರು ಹೋಗಬೇಕು ಅನ್ನುವ ಮಾತು ಆಮೇಲೆ. ಮೊದಲು ಇದು ಏನು ಅಂತ ತಿಳಿದುಕೊಳ್ಳಿ. ನೀವು ನಾಲ್ಕೈದು ಜನ ಕೂತು ಇದನ್ನು ಉಪ್ಪನಿಗೆ ಮಕ್ಕಳು ಕೊಡುವ ಉಡುಗೊರೆ ಅನ್ನೋ ಥರ ಮಾತಾಡುತ್ತಿದ್ದೀರಿ, ಅದಕ್ಕೇ ಯಾರೆಷ್ಟು ಹಾಕಬೇಕು ಅನ್ನುವ ಲೆಕ್ಕ ಬಂದಿದೆ. ನೀವು ಬರೆದದ್ದು ಸರಿಯಾಗಿದ್ದರೆ ಇದು ಉಡುಗೊರೆ ಅಲ್ಲ. ಉಪ್ಪನ ಸಾಲ.

ಹೇಗೆ ಅಂತ ಹೇಳುತ್ತೇನೆ. ಹೋಗಿ ಬರಲು ಶಕ್ತಿ ಇದ್ದವರಿಗೆ ಹಜ್ಜ್ ಕಡ್ಡಾಯ ಅಂತ ಆಲು ಇಮ್ರಾನ್ ಅಧ್ಯಾಯದ 97ನೇ ವಚನದಲ್ಲೇ ಇದೆ. ನಿಮ್ಮ ಉಪ್ಪನಿಗೆ 2014ರಿಂದ 2018ರ ತನಕ ಆರೋಗ್ಯ ಇತ್ತು, ದುಡ್ಡು ಇತ್ತು, ದಾರಿ ಇತ್ತು. ಅಷ್ಟರಲ್ಲಿ ನಾಲ್ಕು ಹಜ್ಜ್ ಕಾಲ ಬಂದು ಹೋಗಿವೆ. ಅಲ್ಲಿಗೆ ಹಜ್ಜ್ ಅವರ ಮೇಲೆ ನಿಂತಿತು. ಆಮೇಲೆ ಬರೆ ಕುಸಿದು ದುಡ್ಡು ಖರ್ಚಾಯಿತು ನಿಜ, ಆದರೆ ಒಮ್ಮೆ ನಿಂತ ಬಾಧ್ಯತೆ ದುಡ್ಡು ಹೋಯಿತು ಅಂತ ಹೋಗುವುದಿಲ್ಲ. ಅರ್ಜಿ ಹಾಕಿ, ಚೀಟಿ ಎತ್ತುವಾಗ ಹೆಸರು ಬಾರದೆ ಅಷ್ಟೂ ವರ್ಷ ಹೋಗಿದ್ದರೆ ಮಾತು ಬೇರೆ ಇತ್ತು. ನೀವೇ ಬರೆದಿದ್ದೀರಿ, ಅರ್ಜಿಯೇ ಹಾಕಿಲ್ಲ.

ಇದರಲ್ಲಿ ಉಪ್ಪನ ತಪ್ಪು ಹುಡುಕುವುದು ಬೇಡ. ಹಜ್ಜನ್ನು ಮುಂದಿನ ವರ್ಷ ಮಾಡುತ್ತೇನೆ ಅನ್ನುವ ಗಟ್ಟಿ ನಿಯ್ಯತ್ (ಸಂಕಲ್ಪ) ಇದ್ದರೆ ಮುಂದೂಡಬಹುದು ಅಂತ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಇದೆ. ಆದರೆ ಮುಂದೂಡಿದವರು ತೀರಿಹೋದರೆ ಅದು ಬಾಕಿಯಾಗಿಯೇ ಉಳಿಯುತ್ತದೆ. ಕೊಡಗಿನಲ್ಲಿ ನಾನು ಕಂಡ ಹೆಚ್ಚಿನ ಬಾಕಿ ಹಜ್ಜ್‌ಗಳೆಲ್ಲ ಹೀಗೇ ಆದದ್ದು. ಮಗಳ ಮದುವೆ ಮುಗಿಯಲಿ, ಕಾಫಿ ಕೊಯ್ಲು ಮುಗಿಯಲಿ, ಮೆಣಸಿಗೆ ರೇಟು ಬರಲಿ. ಮಗಳ ಮದುವೆಯನ್ನು ಕಿತಾಬುಗಳು (ಧರ್ಮಶಾಸ್ತ್ರದ ಗ್ರಂಥಗಳು) ಕಾರಣ ಅಂತ ಒಪ್ಪುವುದಿಲ್ಲ, ನಾವು ಮಾತ್ರ ಒಪ್ಪಿಕೊಂಡು ಬಿಟ್ಟಿದ್ದೇವೆ. ಮೆಣಸಿನ ವಿಷಯ ಕೇಳಿದರೆ ನಗು ಬರುತ್ತದೆ. 2015ರ ಸುಮಾರಿಗೆ ಮೆಣಸಿಗೆ ಒಳ್ಳೇ ರೇಟೇ ಇತ್ತು. ತೋಟದವನಿಗೆ ರೇಟು ಸಾಕು ಅಂತ ಯಾವತ್ತು ಅನಿಸಿದೆ ಹೇಳಿ?

ಸಾಲ ಅನ್ನುವ ಮಾತು ನನ್ನದಲ್ಲ. ಜುಹೈನಾ ಗೋತ್ರದ ಒಬ್ಬ ಹೆಂಗಸು ಪ್ರವಾದಿಯವರ ಬಳಿ ಬಂದು, ನನ್ನ ತಾಯಿ ಹಜ್ಜ್ ಮಾಡುತ್ತೇನೆ ಅಂತ ಹರಕೆ ಹೊತ್ತಿದ್ದರು, ಮಾಡುವ ಮೊದಲೇ ತೀರಿಕೊಂಡರು, ನಾನು ಮಾಡಬಹುದಾ ಅಂತ ಕೇಳಿದರು. ಮಾಡು ಅಂದರು ಪ್ರವಾದಿ. ನಿನ್ನ ತಾಯಿಗೆ ಸಾಲ ಇದ್ದಿದ್ದರೆ ನೀನು ತೀರಿಸುತ್ತಿರಲಿಲ್ಲವೇ, ಹಾಗಾದರೆ ಅಲ್ಲಾಹನ ಸಾಲವನ್ನೂ ತೀರಿಸು ಅಂದರು. ಬುಖಾರಿ ಗ್ರಂಥದಲ್ಲಿ ಇರುವ ಹದೀಸ್ (ಪ್ರವಾದಿಯವರ ನುಡಿ) ಇದು.

ಈಗ ದುಡ್ಡಿನ ಪ್ರಶ್ನೆ ತಾನಾಗಿಯೇ ಸಲೀಸಾಗುತ್ತದೆ ನೋಡಿ. ಸತ್ತವರ ಸಾಲ ಎಲ್ಲಿಂದ ತೀರಿಸುತ್ತೇವೆ? ಅವರು ಬಿಟ್ಟುಹೋದ ಆಸ್ತಿಯಿಂದ, ಪಾಲು ಮಾಡುವ ಮೊದಲೇ. ಹಜ್ಜ್‌ಗೂ ಅದೇ. ವಸಿಯ್ಯತ್ ಮಾಡದಿದ್ದರೂ ಶಾಫಿಈ ಪ್ರಕಾರ ಬದಲಿ ಹಜ್ಜಿನ (ಅವರ ಪರವಾಗಿ ಬೇರೊಬ್ಬರು ಮಾಡುವ ಹಜ್ಜಿನ) ಖರ್ಚು ಆಸ್ತಿಯಿಂದ ಮೊದಲೇ ತೆಗೆಯಬೇಕು, ಉಳಿದದ್ದನ್ನು ಉಮ್ಮನಿಗೆ (ತಾಯಿಗೆ) ಎಂಟನೇ ಒಂದು, ಮಿಕ್ಕದ್ದು ಮಕ್ಕಳಿಗೆ ಅಂತ ಹಂಚಬೇಕು. ಹಾಗೆ ತೆಗೆದರೆ ಪ್ರತಿಯೊಬ್ಬರ ಪಾಲಿನಿಂದಲೂ ತಕ್ಕಷ್ಟು ಹೋಗಿಯೇ ಆಯಿತು. ತಂಗಿಯರ ಹತ್ತಿರ ಮತ್ತೆ ಬೇರೆ ಕೇಳುವ ಮಾತೇ ಇಲ್ಲ. ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ತೋಟ ಪಾಲು ಮಾಡುವಾಗ ಗಂಡು ಮಕ್ಕಳಿಗೆ ಎರಡು ಪಾಲು ಅನ್ನುವ ಕಾನೂನು ಚೆನ್ನಾಗಿ ನೆನಪಿರುತ್ತದೆ, ಉಪ್ಪನ ಹಜ್ಜಿನ ಖರ್ಚು ಬಂದಾಗ ಮಾತ್ರ ತಲೆಗೆ ಸಮ ಸಮ ಅನ್ನುತ್ತಾರೆ. ಇದು ಸರಿಯಲ್ಲ. ನಿಮ್ಮದು ಇನ್ನೂ ಪಾಲಾಗಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಮೊದಲು ಇದನ್ನು ಎತ್ತಿಡಿ. ಮಕ್ಕಳಲ್ಲಿ ಯಾರಾದರೂ ನಾನೇ ನನ್ನ ಕೈಯಿಂದ ಮಾಡುತ್ತೇನೆ ಅಂದರೆ ಅದೂ ಆಗುತ್ತದೆ, ಆಗ ಆಸ್ತಿ ಮುಟ್ಟುವ ಅಗತ್ಯ ಇಲ್ಲ.

ದೊಡ್ಡ ಇಕ್ಕನ ಮನಸ್ಸು ದೊಡ್ಡದು, ಆದರೆ ಅವರ ಯೋಚನೆ ನಡೆಯುವುದಿಲ್ಲ. ಒಬ್ಬ ಮನುಷ್ಯ 'ಲಬ್ಬೈಕ ಅನ್ ಶುಬ್ರುಮಾ' (ಅಲ್ಲಾಹನೇ, ಶುಬ್ರುಮಾನ ಪರವಾಗಿ ಬಂದಿದ್ದೇನೆ) ಅನ್ನುವುದು ಪ್ರವಾದಿಯವರ ಕಿವಿಗೆ ಬಿತ್ತು. ಶುಬ್ರುಮಾ ಯಾರು ಅಂತ ಕೇಳಿದರು. ನನ್ನ ಬಂಧು ಅಂದ. ನಿನ್ನ ಹಜ್ಜ್ ಮಾಡಿದ್ದೀಯಾ? ಇಲ್ಲ. ಹಾಗಾದರೆ ಮೊದಲು ನಿನ್ನದು ಮಾಡು, ಆಮೇಲೆ ಶುಬ್ರುಮಾನದು. ಅಬೂದಾವೂದ್‌ನಲ್ಲಿದೆ. ಹಾಗಾಗಿ ಇಕ್ಕ ಉಪ್ಪನ ಹೆಸರು ಹೇಳಿ ಇಹ್ರಾಂ ಕಟ್ಟಿದರೂ (ಹಜ್ಜ್ ಸಂಕಲ್ಪ ಮಾಡಿ ಆರಂಭಿಸಿದರೂ) ನಮ್ಮ ಮದ್‌ಹಬ್ ಪ್ರಕಾರ ಅದು ಇಕ್ಕನ ಹಜ್ಜೇ ಆಗುತ್ತದೆ. ಉಪ್ಪನ ಬಾಕಿ ಹಾಗೇ ಇರುತ್ತದೆ. ಅವರು ಈ ಸಲ ತಮ್ಮದನ್ನು ಮಾಡಿ ಬರಲಿ, ಅರಫಾ ಮೈದಾನದಲ್ಲಿ ಉಪ್ಪನಿಗೆ ಕಣ್ಣು ತುಂಬ ದುಆ ಮಾಡಲಿ. ಅದಕ್ಕೆ ಯಾರ ತಡೆಯೂ ಇಲ್ಲ.

ನಿಮ್ಮ ಮನೆಯಲ್ಲಿ ಸರಿಯಾದ ಆಳು ರಿಯಾದ್‌ನ ತಮ್ಮ. ಅವನ ಸ್ವಂತ ಹಜ್ಜ್ ಆಗಿದೆ, ಮಗ ಬೇರೆ. ಇಲ್ಲಿ ಒಂದು ಸಂಶಯ ಬರಬಹುದು, ಕೊಡಗಿನಿಂದಲೇ ಹೊರಡಬೇಕಲ್ವಾ ಅಂತ. ಶಾಫಿಈಯಲ್ಲಿ ಹಾಗಿಲ್ಲ. ಮಕ್ಕಾಕ್ಕೆ ಬರುವವರು ಇಹ್ರಾಂ ಕಟ್ಟಬೇಕಾದ ಗಡಿ ಜಾಗಕ್ಕೆ ಮೀಖಾತ್ ಅನ್ನುತ್ತಾರೆ. ಸತ್ತವರ ಮೀಖಾತ್‌ನಿಂದ, ಇಲ್ಲವೇ ಮಕ್ಕಾದಿಂದ ಅಷ್ಟೇ ದೂರದ ಮೀಖಾತ್‌ನಿಂದ ಇಹ್ರಾಂ ಆದರೆ ಸಾಕು. ನಮ್ಮ ಹಿರಿಯರು ಹಡಗಿನಲ್ಲಿ ಹೋಗುತ್ತಿದ್ದಾಗ ಯಲಮ್‌ಲಮ್ ಎದುರಿಗೆ ಬಂದಾಗ ಇಹ್ರಾಂ ಕಟ್ಟುತ್ತಿದ್ದರು. ರಿಯಾದ್‌ನಿಂದ ಬರುವವರಿಗೆ ತಾಯಿಫ್ ಹತ್ತಿರದ ಖರ್ನುಲ್ ಮನಾಝಿಲ್. ಎರಡೂ ಮಕ್ಕಾದಿಂದ ಎರಡೆರಡು ಮರ್ಹಲಾ (ಹಳೇ ಕಾಲದ ಒಂದು ದಿನದ ಪ್ರಯಾಣ) ದೂರ ಅಂತಲೇ ಕಿತಾಬುಗಳಲ್ಲಿ ಬರೆದಿರುವುದು. ಹಾಗಾಗಿ ತೊಂದರೆ ಇಲ್ಲ. ಇಹ್ರಾಂ ಕಟ್ಟುವಾಗ ಉಪ್ಪನ ಪರವಾಗಿ ಅಂತ ಮನಸ್ಸಿನಲ್ಲಿ ನಿಯ್ಯತ್ ಇರಬೇಕು, ಅದು ಮುಖ್ಯ. ಬಾಯಲ್ಲಿ 'ಲಬ್ಬೈಕ' ಅಂದು 'ಅನ್' ಸೇರಿಸಿ ಉಪ್ಪನ ಹೆಸರು ಹೇಳುವುದು ಒಳ್ಳೆಯದು, ಮರೆತರೆ ಹಜ್ಜ್ ಕೆಡುವುದಿಲ್ಲ.

ಶಾಫಿಈಯಲ್ಲಿ ಜೀವನದಲ್ಲಿ ಒಂದು ಉಮ್ರಾ (ಮಕ್ಕಾದ ಚಿಕ್ಕ ಯಾತ್ರೆ) ಕೂಡ ಕಡ್ಡಾಯ. ಉಪ್ಪನ ಉಮ್ರಾ ಆಗಿರಲಿಲ್ಲ ಅಂದರೆ ಅದನ್ನೂ ಸೇರಿಸಿಯೇ ಮಾಡಿಸಿ. ಮೊದಲು ಉಮ್ರಾ ಮಾಡಿ ಆಮೇಲೆ ಹಜ್ಜ್ ಮಾಡುವ ತಮತ್ತುಅ್ ಕ್ರಮ ಹಿಡಿದರೆ ಎರಡೂ ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ. ಹಾಗೆ ಮಾಡಿದರೆ ಒಂದು ಆಡು ಬಲಿ ಕೊಡಬೇಕು, ಆ ದುಡ್ಡು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ತಮ್ಮನಿಗೆ ಒಂದು ಮಾತು ಖಡಕ್ಕಾಗಿ ಹೇಳಿ. ಸೌದಿಯಲ್ಲಿ ಇಖಾಮಾ (ವಾಸದ ಪರವಾನಗಿ) ಇದೆ ಅಂತ ಸುಮ್ನೆ ಸ್ನೇಹಿತರ ಗಾಡಿ ಹತ್ತಿ ಮಕ್ಕಾಕ್ಕೆ ಹೋಗುವ ಕಾಲ ಅಲ್ಲ ಇದು. ಸೌದಿ ಸರ್ಕಾರದ ನುಸುಕ್ ಆ್ಯಪ್‌ನಲ್ಲಿ ಪರವಾನಗಿ ತೆಗೆದುಕೊಂಡೇ ಹೋಗಬೇಕು. ಪರವಾನಗಿ ಇಲ್ಲದೆ ಹೋದವರಿಗೆ 2025ರಲ್ಲಿ 20,000 ರಿಯಾಲ್‌ವರೆಗೆ ದಂಡ ಇತ್ತು, ಹೊರದೇಶದವರಾದರೆ ಗಡೀಪಾರು ಮಾಡಿ 10 ವರ್ಷ ಒಳಗೆ ಬಿಡುವುದಿಲ್ಲ. ಉಪ್ಪನ ಸಾಲ ತೀರಿಸಲು ಹೋಗಿ ಕೆಲಸ ಕಳೆದುಕೊಂಡು ಬರುವುದು ಬೇಡ. ಹಿಂದೆ ಹಜ್ಜ್ ಮಾಡದವರಿಗೆ ಅಲ್ಲಿಯೂ ಆದ್ಯತೆ ಇದೆ, ಈ ವರ್ಷ ಸಿಗದಿದ್ದರೆ ಮುಂದಿನ ವರ್ಷ ನೋಡಲಿ.

ಇಲ್ಲಿಂದ ಯಾರನ್ನಾದರೂ ಕಳಿಸುವ ಯೋಚನೆ ಬಂದರೆ ಕಷ್ಟ ಒಂದಿದೆ. ಬದಲಿ ಹಜ್ಜ್ ಮಾಡುವವರು ಒಮ್ಮೆ ಹೋಗಿ ಬಂದವರಾಗಿರಬೇಕು. ಆದರೆ ಸರ್ಕಾರದ ಹಜ್ಜ್ ಕಮಿಟಿ ಮೂಲಕ ಒಮ್ಮೆ ಹೋದವರಿಗೆ ವಯಸ್ಸಾದವರ ಜೊತೆಗಾರರಾಗಿ ಹೋಗುವಂಥ ಕೆಲವು ವಿನಾಯಿತಿ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಅವಕಾಶ ಇಲ್ಲ. ಹಾಗಾಗಿ ಹೆಚ್ಚಿನವರು ಖಾಸಗಿ ಗ್ರೂಪ್ ಹಿಡಿಯುತ್ತಾರೆ, ಖರ್ಚು ಜಾಸ್ತಿ. ಅದರಲ್ಲೂ ಭರವಸೆ ಇಲ್ಲ. 2025ರಲ್ಲಿ ಭಾರತದ 1,75,025 ಸೀಟಿನಲ್ಲಿ 52,507 ಖಾಸಗಿಯವರಿಗೆ ಇತ್ತು, ಕೊನೆ ಗಳಿಗೆಯಲ್ಲಿ ಅದರ ದೊಡ್ಡ ಪಾಲು ರದ್ದಾಗಿ ಬರೀ 10,000 ಮಂದಿಗೆ ದಾರಿ ಸಿಕ್ಕಿತು.

60 ಸಾವಿರದ ಏಜೆಂಟ್. ದುಡ್ಡು ಕೊಟ್ಟು ಬದಲಿ ಹಜ್ಜ್ ಮಾಡಿಸುವುದು ಶಾಫಿಈಯಲ್ಲಿ ತಪ್ಪಲ್ಲ, ಕೂಲಿಗೆ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಒಬ್ಬ ಮನುಷ್ಯ ಒಂದು ವರ್ಷಕ್ಕೆ ಒಬ್ಬರ ಹಜ್ಜ್ ಮಾತ್ರ ಮಾಡಬಲ್ಲ. ಹತ್ತು ಮನೆಯಿಂದ ದುಡ್ಡು ಎತ್ತಿ ಒಬ್ಬನನ್ನು ನಿಲ್ಲಿಸಿದರೆ ಒಂಬತ್ತು ಮನೆಗೆ ಮೋಸ. ನನಗೆ ಗೊತ್ತಿರುವ ಒಂದು ಮನೆಗೆ ಹಜ್ಜ್ ಮುಗಿಯಿತು ಅಂತ ಚೆಂದದ ಸರ್ಟಿಫಿಕೇಟ್ ಬಂತು, ಬಣ್ಣದ ಫೋಟೋ ಸಮೇತ, ಫ್ರೇಮ್ ಹಾಕಿ ಗೋಡೆಗೂ ತೂಗಿಸಿದರು. ಬಂದದ್ದು ದುಲ್‌ಖಅ್‌ದ್ ತಿಂಗಳಲ್ಲಿ! ಅರಫಾ ದಿನ ಅದರ ಮುಂದಿನ ತಿಂಗಳು, ದುಲ್‌ಹಜ್ಜ್ 9ಕ್ಕೆ. ಅರಫಾದಲ್ಲಿ ನಿಲ್ಲದೆ ಹಜ್ಜ್ ಎಲ್ಲಿಂದ ಬಂತು? ಪಾಪ, ಆ ಮನೆಯ ಉಮ್ಮನಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಮಗನನ್ನು ಹೊರಗೆ ಕರೆದು ಹೇಳಿದೆ. ಹಾಗಾಗಿ ಕೊಡುವುದೇ ಆದರೆ ಹೋಗುವವರ ಹೆಸರು ಕೇಳಿ, ಅವರದೇ ಹಜ್ಜ್ ಆಗಿದೆಯಾ, ಪರವಾನಗಿ ಇದೆಯಾ, ಇಹ್ರಾಂ ಎಲ್ಲಿಂದ, ಉಮ್ರಾ ಸೇರಿದೆಯಾ ಕೇಳಿ, ಅವರ ಜೊತೆ ನೀವೇ ಫೋನಿನಲ್ಲಿ ಮಾತಾಡಿ. ಹೆಸರು ಹೇಳಲು ತಡವರಿಸಿದರೆ ಅಲ್ಲಿಗೇ ಬಿಡಿ.

ನಿಮಗಲ್ಲ, ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಮನೆಯಲ್ಲಿ ಹಿರಿಯರು ಏಳಲಾಗದೆ ಮಲಗಿದ್ದು, ಗುಣವಾಗುವ ಆಸೆ ಇಲ್ಲದಿದ್ದರೆ ಅವರು ಬದುಕಿರುವಾಗಲೇ ಅವರ ಅನುಮತಿ ಪಡೆದು ಬದಲಿ ಹಜ್ಜ್ ಮಾಡಿಸಬಹುದು. ಖಸ್ಅಮ್ ಗೋತ್ರದ ಹೆಂಗಸು ಪ್ರವಾದಿಯವರ ವಿದಾಯ ಹಜ್ಜ್ ಸಮಯದಲ್ಲಿ ಕೇಳಿದ್ದು ಅದನ್ನೇ. ತಂದೆ ಮುದುಕ, ವಾಹನದ ಮೇಲೆ ನೆಟ್ಟಗೆ ಕೂರಲಾರ, ನಾನು ಮಾಡಲೇ? ಹೌದು ಅಂದರು. ಹೆಂಗಸು ಗಂಡಸಿನ ಪರವಾಗಿ ಮಾಡಬಹುದು ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಹಜ್ಜ್ ಆಗಿರುವ ತಂಗಿಯರೂ ಮಾಡಬಹುದು ಅಂತಾಯಿತು.

ಪ್ರಶ್ನೆ: ನಾವು ಮಡಿಕೇರಿಯವರು, ಹನಫೀ ಪಂಥ. ಅಮ್ಮಿ ನನ್ನ ಹೆಸರಿನಲ್ಲಿ ಹಜ್ಜ್ ಮಾಡಿಸಿ ಅಂತ ವಸಿಯ್ಯತ್ ಮಾಡಿ ಹೋದರು. ಆದರೆ ಅವರ ಆಸ್ತಿಯ ಮೂರನೇ ಒಂದು ಭಾಗ ಮಡಿಕೇರಿಯಿಂದ ಒಬ್ಬರನ್ನು ಕಳಿಸಲು ಸಾಲದು.

ಉತ್ತರ: ಮೇಲಿನವರಿಗೆ ಹೇಳಿದ ಲೆಕ್ಕ ನಿಮಗೆ ಹೊಂದುವುದಿಲ್ಲ. ಹನಫೀಯಲ್ಲಿ ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದೊಳಗೆ ಮಾಡಿಸುವುದು ವಾರಸುದಾರರ ಮೇಲೆ ಕಡ್ಡಾಯ, ಮತ್ತು ಸತ್ತವರ ಊರಿನಿಂದಲೇ ಹೊರಡಬೇಕು. ದುಡ್ಡು ಸಾಲದಿದ್ದರೆ ಅಷ್ಟು ದುಡ್ಡಿಗೆ ಎಲ್ಲಿಂದ ಹೋಗಬಹುದೋ ಅಲ್ಲಿಂದ ಮಾಡಿಸಿದರೆ ಆಗುತ್ತದೆ. ಇಲ್ಲವೇ ದೊಡ್ಡವರಾದ ಮಕ್ಕಳೆಲ್ಲ ಮನಸ್ಸಿನಿಂದ ಒಪ್ಪಿ ಉಳಿದದ್ದನ್ನು ಸೇರಿಸಿ. ಚಿಕ್ಕ ಮಕ್ಕಳ ಪಾಲು ಮುಟ್ಟಬೇಡಿ. ಹೋಗುವವರಿಗೆ ಕೊಡುವುದು ಖರ್ಚಿನ ದುಡ್ಡು, ಕೂಲಿ ಅಲ್ಲ. ಉಳಿದರೆ ಅವರು ಲೆಕ್ಕ ಕೊಟ್ಟು ವಾಪಸ್ ಮಾಡಬೇಕು. ತನ್ನ ಹಜ್ಜ್ ಆಗದವರನ್ನು ಕಳಿಸಿದರೂ ನಿಮ್ಮಲ್ಲಿ ಸಿಂಧು, ಆದರೆ ಮಕ್ರೂಹ್ (ಮಾಡದಿರುವುದೇ ಒಳ್ಳೆಯದು). ಆಗಿರುವವರನ್ನೇ ಹುಡುಕಿ.

ಪ್ರಶ್ನೆ: ರಂಝಾನ್‌ನಲ್ಲಿ ಉಮ್ರಾಗೆ ಹೋಗುತ್ತಿದ್ದೇನೆ. ತೀರಿಹೋದ ಉಮ್ಮನ ಹೆಸರಿನಲ್ಲಿ ಒಂದು ಉಮ್ರಾ ಮಾಡಿದರೆ ಅವರ ಬಾಕಿ ಹಜ್ಜ್ ತೀರುತ್ತದಾ? (ಸಿದ್ದಾಪುರ)

ಉತ್ತರ: ಹಜ್ಜ್ ತೀರುವುದಿಲ್ಲ. ಉಮ್ರಾ ಉಮ್ರಾವೇ, ಹಜ್ಜ್ ಹಜ್ಜೇ. ಉಮ್ಮ ಜೀವನದಲ್ಲಿ ಉಮ್ರಾ ಮಾಡಿರಲಿಲ್ಲ ಅಂದರೆ ಅವರ ಪರವಾಗಿ ಖಂಡಿತ ಮಾಡಿ. ಮೊದಲು ನಿಮ್ಮದನ್ನು ಮುಗಿಸಿ ಕೂದಲು ತೆಗೆಸಿ. ಆಮೇಲೆ ಹರಮ್‌ನ ಗಡಿ ದಾಟಿ ತನ್‌ಈಮ್‌ನ ಆಯಿಶಾ ಮಸೀದಿಗೆ ಹೋಗಿ, ಅಲ್ಲಿ ಉಮ್ಮನ ಪರವಾಗಿ ಇಹ್ರಾಂ ಕಟ್ಟಿ ಬನ್ನಿ. ಹರಮ್‌ನ ಮಸೀದಿಯಿಂದ ಏಳೆಂಟು ಕಿಲೋಮೀಟರ್, ಬಸ್ಸು ಟ್ಯಾಕ್ಸಿ ಧಾರಾಳ ಸಿಗುತ್ತವೆ.

ಪ್ರಶ್ನೆ: ಬದಲಿ ಹಜ್ಜ್ ಮಾಡಿಸಿದ ಮೇಲೆ ಉಪ್ಪನ ಗೋರಿಯ ಮೀಸಾನ್ ಕಲ್ಲಿನಲ್ಲಿ ಹಾಜಿ ಅಂತ ಬರೆಸಬಹುದಾ?

ಉತ್ತರ: ಹಾಜಿ ಅನ್ನುವುದು ಜನ ಕರೆಯುವ ಹೆಸರು, ದೀನ್ (ಧರ್ಮ) ಕೊಟ್ಟ ಪದವಿ ಅಲ್ಲ. ಕಲ್ಲಿನಲ್ಲಿ ಇದ್ದರೂ ಇಲ್ಲದಿದ್ದರೂ ಉಪ್ಪನ ಲೆಕ್ಕ ಬದಲಾಗುವುದಿಲ್ಲ. ಕಲ್ಲು ಕೆತ್ತುವವನಿಗೆ ಕೊಡುವ ದುಡ್ಡನ್ನು ಹೋಗುವವರ ಕೈಗೆ ದಾರಿಖರ್ಚಿಗೆ ಕೊಡಿ.