ರಜೆ ಈಗಲೇ ಹಾಕಬೇಡ, ಮೂರನೇ ವಾರಕ್ಕೆ ಹೋಗು

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಬೆಂಗಳೂರಿನಲ್ಲಿ ಐಟಿ ಕೆಲಸ. ಗಂಡ, ಅತ್ತೆ, ಒಂದನೇ ಕ್ಲಾಸಿನ ಮಗಳು ಜೊತೆಗಿದ್ದಾರೆ. ತವರು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯನಿಗೆ 66. ಕೆನ್ನೆಯ ಒಳಗೆ ಕ್ಯಾನ್ಸರ್ ಎಂದು ಗೊತ್ತಾಗಿ ಅಕ್ಟೋಬರ್ ಕೊನೆಯ ವಾರ ಮಣಿಪಾಲದಲ್ಲಿ ಆಪರೇಶನ್ ಆಯಿತು. ಮುಂದೆ 30 ಸಲ ರೇಡಿಯೇಶನ್, ಜೊತೆಗೆ ವಾರಕ್ಕೊಂದು ಕಿಮೋ ಅಂತೆ. ಡಿಸೆಂಬರ್ ಮೊದಲ ವಾರ ಶುರು ಮಾಡೋಣ ಎಂದಿದ್ದಾರೆ. ಆಯಿ (ಅಮ್ಮ) ಒಬ್ಬಳಿಗೆ ಇದೆಲ್ಲ ಆಗುವುದಿಲ್ಲ. ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಮಗಳನ್ನು ಶಿರಸಿ ಶಾಲೆಗೆ ಸೇರಿಸಿ ಈಗಲೇ ಹೋಗಿಬಿಡೋಣ ಎಂದುಕೊಂಡಿದ್ದೇನೆ. ಅಪ್ಪಯ್ಯನಿಗೆ ಫೋನ್ ಮಾಡಿದರೆ "ನಂಗೆ ಎಂತ ಆಜಿಲ್ಲೆ, ನೀ ಬರಡ" (ನನಗೇನೂ ಆಗಿಲ್ಲ, ನೀನು ಬರಬೇಡ) ಎಂದು ಎರಡೇ ಮಾತಿನಲ್ಲಿ ಫೋನನ್ನು ಆಯಿ ಕೈಗೆ ಕೊಡುತ್ತಾನೆ. ಅಡಿಕೆ ಕೊಯ್ಲು ಮುಗಿಸಿಕೊಂಡೇ ರೇಡಿಯೇಶನ್ನಿಗೆ ಹೋಗುವುದು ಅಂತ ಹಟ ಬೇರೆ. ಪುಣೆಯಲ್ಲಿರುವ ಅಣ್ಣ ದುಡ್ಡು ಕಳಿಸುತ್ತೇನೆ ಎನ್ನುತ್ತಾನೆ. ಅತ್ತೆ "ಮಗ ಇದ್ದಾನಲ್ಲ, ಅವನು ಹೋಗಲಿ" ಎನ್ನುತ್ತಾರೆ. ಹೋಗದಿದ್ದರೆ ಜೀವನಪೂರ್ತಿ ಕೊರಗುತ್ತೇನೆ. ಏನು ಮಾಡಲಿ?

ಉತ್ತರ: ಹೋಗು ತಂಗಿ. ಅದರಲ್ಲಿ ನನಗೆ ಅನುಮಾನ ಇಲ್ಲ, ನಿನಗೂ ಇಲ್ಲ. ಆದರೆ ಈಗಲೇ ಹೋಗಬೇಡ, ಶಿರಸಿಗೂ ಹೋಗಬೇಡ.

ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಮನೆಯ ಕಥೆ ಕೇಳು. ನನ್ನ ಅಮ್ಮನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು, ನಾವು ಕುಮಟಾ ಕಡೆಯವರು. ಸುದ್ದಿ ಕೇಳಿದ ವಾರವೇ ನಾನು ಇದ್ದಬದ್ದ ರಜೆಯನ್ನೆಲ್ಲ ಬಳಿದುಕೊಂಡು ಓಡಿದೆ. ಮೊದಲ ಎರಡು ವಾರ ಅಮ್ಮ ಆರಾಮಾಗಿದ್ದರು! ನಾನೇ ಸುಮ್ನೆ ಅವರ ಮುಂದೆ ಫೈಲ್ ಹಿಡಿದು ಓಡಾಡುತ್ತಿದ್ದೆ. ಕೊನೆಯ ರೇಡಿಯೇಶನ್ ಮುಗಿದ ಮೂರನೇ ದಿನ, ಅಬ್ಬಾ ಮುಗಿಯಿತು ಅಂತ ಬೆಂಗಳೂರು ಬಸ್ಸು ಹತ್ತಿದೆ, ಕಳಿಸಿಕೊಡಲು ಬಂದ ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೈ ಬೀಸಿದ್ದೂ ನೆನಪಿದೆ. ಹತ್ತು ದಿನಕ್ಕೆ ಪಕ್ಕದ ಮನೆಯವರ ಫೋನು. ಒಂದು ಗುಟುಕು ನೀರೂ ಇಳಿಯುತ್ತಿಲ್ಲ, ಸಲೈನ್ ಹಾಕಿಸಲು ಕರೆದುಕೊಂಡು ಹೋಗುತ್ತಿದ್ದೇವೆ ಅಂತ. ನನ್ನ ಹತ್ತಿರ ಆಗ ಒಂದು ದಿನದ ರಜೆಯೂ ಉಳಿದಿರಲಿಲ್ಲ.

ಬಾಯಿ, ಗಂಟಲಿನ ರೇಡಿಯೇಶನ್ ನಡೆಯುವುದೇ ಹಾಗೆ. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಲ, ಕೆಲವೇ ನಿಮಿಷ. ಮುಖಕ್ಕೆ ಅಚ್ಚು ತೆಗೆದು ಮಾಡಿದ ಮಾಸ್ಕ್ ಹಾಕಿ ಅಲ್ಲಾಡದ ಹಾಗೆ ಮಲಗಿಸುತ್ತಾರೆ. 30 ಸಲ ಎಂದರೆ ಸರಿಯಾಗಿ ಆರು ವಾರ. ಮೊದಲೆರಡು ವಾರ ದೊಡ್ಡದಾಗಿ ಏನೂ ಅನ್ನಿಸುವುದಿಲ್ಲ. ಮೂರನೇ ವಾರದ ಹೊತ್ತಿಗೆ ಬಾಯಲ್ಲಿ ಹುಣ್ಣು ಏಳುತ್ತದೆ, ರುಚಿ ಹೋಗುತ್ತದೆ, ಎಂಜಲು ಅಂಟಂಟಾಗುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ. ಅಲ್ಲಿಂದ ಏರುತ್ತಲೇ ಹೋಗುತ್ತದೆ. ಮುಗಿದ ಮೇಲೂ ಒಂದೆರಡು ವಾರ ಏರುತ್ತದೆ, ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮ್ಮಲ್ಲಿ ರೇಡಿಯೇಶನ್ ಮುಗಿಯುವುದು ಸುಮಾರು ಸಂಕ್ರಾಂತಿ ಹೊತ್ತಿಗೆ. ನೆಂಟರೆಲ್ಲ ಇನ್ನೇನು ಗುಣವಾಯಿತಲ್ಲ ಅಂತ ಅವರವರ ಮನೆಗೆ ಹೋಗಿರುತ್ತಾರೆ. ಅಪ್ಪಯ್ಯನ ಅತಿ ಕೆಟ್ಟ ದಿನಗಳು ಜನವರಿ ಕೊನೆಯವು. ಆಗ ಆ ಮನೆಯಲ್ಲಿ ಆಯಿ ಒಬ್ಬರೇ ಇರಬಾರದು.

ಹಾಗಾಗಿ ನಿನ್ನ ಎರಡು ತಿಂಗಳನ್ನು ಡಿಸೆಂಬರ್ ಮೂರನೇ ವಾರದಿಂದ ಫೆಬ್ರವರಿ ಮಧ್ಯದವರೆಗೆ ಇಟ್ಟುಕೋ. ಮೊದಲ ಎರಡು ವಾರ ಅಣ್ಣನದು. ನಿನ್ನ ಅತ್ತೆ ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಮಗನೂ ಹೋಗಲಿ. ಅಪ್ಪಯ್ಯ ಇನ್ನೂ ಓಡಾಡಿಕೊಂಡಿರುವ ದಿನಗಳವು, ಅಡಿಗೆ ಬಾರದ ಅಣ್ಣನಿಗೂ ನಡೆಯುತ್ತದೆ. ಬರುತ್ತೀಯಾ ಅಂತ ಕೇಳಬೇಡ. "1ನೇ ತಾರೀಕಿನಿಂದ ಎರಡು ವಾರ ನಿನ್ನದು, ಟಿಕೆಟ್ ಮಾಡು" ಅಂತ ಹೇಳು. ಇನ್ನು ದುಡ್ಡು ಕಳಿಸುತ್ತೇನೆ ಎಂದಿದ್ದಾನಲ್ಲ, ಒಳ್ಳೆಯದೇ ಆಯಿತು, ಸಂಬಳವಿಲ್ಲದ ಎರಡು ತಿಂಗಳು ನಿನ್ನ ಮನೆ ಸಾಲದ ಕಂತು ಇದ್ದರೆ ಅದನ್ನು ಅವನ ತಲೆಗೆ ಹಾಕು. ನಾಚಿಕೆ ಯಾಕೆ? ಅದೂ ಅಪ್ಪಯ್ಯನ ಖರ್ಚೇ.

ಕೊಯ್ಲು ಮುಗಿಸಿ ಹೋಗುವ ಮಾತನ್ನು ಮಾತ್ರ ಒಪ್ಪಬೇಡ. ಆಪರೇಶನ್ ಆಗಿ ಆರು ವಾರದೊಳಗೆ ರೇಡಿಯೇಶನ್ ಶುರುವಾಗಬೇಕು ಅಂತ ಡಾಕ್ಟರುಗಳು ಹೇಳುವುದು ಸುಮ್ನೆ ಅಲ್ಲ, ತಡ ಮಾಡಿದಷ್ಟೂ ರೋಗ ತಿರುಗಿ ಬರುವ ಭಯ ಜಾಸ್ತಿ. ನಡುವೆ ನಾಲ್ಕು ದಿನ ಬಿಟ್ಟು ಊರಿಗೆ ಹೋಗಿ ಬರುವುದೂ ಕೂಡದು. ಆದರೆ ಅವರ ಹಟವನ್ನು ಬರೀ ಹಟ ಅಂತಲೂ ತಿಳಿಯಬೇಡ. ಡಿಸೆಂಬರ್, ಜನವರಿ ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಯಾವತ್ತು ಬರುತ್ತಾನೆ, ಸುಲಿಯಲು ಯಾರು, ಬೇಯಿಸುವುದು ಯಾರು, ಅಂಗಳದಲ್ಲಿ ಒಣಗಿದ್ದನ್ನು ಸಂಜೆ ಯಾರು ಒಟ್ಟು ಮಾಡುತ್ತಾರೆ, ವರ್ಷದ ಕೂಳು ಅದು. ಈ ಪ್ರಶ್ನೆಗೆ ಉತ್ತರ ಇಲ್ಲದೆ ಆ ಮನುಷ್ಯ ಮನೆಯಿಂದ ಹೊರಡುವುದಿಲ್ಲ. ನೀನು ಬರುತ್ತೇನೆ ಎಂದಾಗ ಬೇಡ ಎನ್ನುವುದಕ್ಕೂ ಇದೇ ಕಾರಣ ಇರಬಹುದು. ಆರೈಕೆಗೆ ಅಂತ ನೀನು ಬಂದರೂ ಅವರ ತಲೆಯಲ್ಲಿ ಓಡುತ್ತಿರುವ ಚಿಂತೆ ಬೇರೆಯೇ. ಈ ಒಂದು ವರ್ಷ ಹಸಿ ಅಡಿಕೆಯನ್ನೇ ಮಾರಿಬಿಡೋಣ ಅಂತ ಹೇಳಿ ನೋಡು. ನಾಲ್ಕು ಕಾಸು ಕಡಿಮೆ ಬರುತ್ತದೆ. ಸುಲಿಯುವ, ಬೇಯಿಸುವ, ಒಣಗಿಸುವ ರಗಳೆ ಎಲ್ಲ ತಪ್ಪುತ್ತದೆ. ಗೊನೆ ಕೊಯ್ಯುವ ದಿನ ನಿಂತು ನೋಡಲು ಪಕ್ಕದ ಮನೆಯವರೋ ದಾಯಾದಿಗಳೋ ಯಾರು ಆಗಬಹುದು ಅಂತ ಅಪ್ಪಯ್ಯನ ಬಾಯಿಂದಲೇ ಹೆಸರು ಹೇಳಿಸು. ನೀನೂ ಆಯಿಯೂ ಸೇರಿ ತೀರ್ಮಾನ ಮಾಡಿ ಅವರಿಗೆ ತಿಳಿಸಬೇಡಿ.

ಉಳಿಯುವುದು ಎಲ್ಲಿ? ಆರು ವಾರ ಮಣಿಪಾಲದಲ್ಲೇ. ನಮ್ಮ ಜಿಲ್ಲೆಯ ಜನ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ, 2022ರಲ್ಲಂತೂ ದೊಡ್ಡ ಕೂಗೇ ಎದ್ದಿತ್ತು. ಸದ್ಯಕ್ಕೆ ಕಾಯಿಲೆ ಬಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಗಂಟು ಕಟ್ಟುವುದೇ ನಮ್ಮ ಹಣೆಬರಹ. ಆಸ್ಪತ್ರೆ ಹತ್ತಿರ ತಿಂಗಳ ಬಾಡಿಗೆಗೆ ರೂಮು ಹಿಡಿಯಿರಿ. ಅಡಿಗೆ ಮಾಡಲು ಜಾಗ ಇರಬೇಕು, ಟಿವಿ ಇಲ್ಲದಿದ್ದರೂ ನಡೆಯುತ್ತದೆ. ಮಿಕ್ಸಿ ಊರಿನಿಂದ ತಾ, ಅದಿಲ್ಲದೆ ಮೂರನೇ ವಾರದ ಮೇಲೆ ಒಂದು ಹೊತ್ತೂ ಸಾಗುವುದಿಲ್ಲ. ಗಂಜಿ ತಿಳಿ, ರಾಗಿ ಅಂಬಲಿ, ಮೆಣಸು ಹಾಕದ ತಂಬುಳಿ, ಅದೂ ಹುಳಿಯಾಗದ ಮಜ್ಜಿಗೆಯಲ್ಲಿ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಮನೆಯಲ್ಲೇ ಇರಲಿ, ಅದನ್ನು ನೋಡಿ ಅವರಿಗೆ ಆಸೆಯಾಗುವುದೇ ಒಂದು ಶಿಕ್ಷೆ. ವಾರಕ್ಕೊಮ್ಮೆ ತೂಕ ನೋಡಿಸು, ಇಳಿಯುತ್ತಿದ್ದರೆ ಅವತ್ತೇ ಹೇಳು. ಮೂಗಿನಿಂದ ಹೊಟ್ಟೆಗೆ ಪೈಪು ಹಾಕಬೇಕು ಎಂದರೆ ಹೆದರಿ ಅಳಬೇಡಿ. ಊಟಕ್ಕೆ ಒಂದು ದಾರಿ ಅದು, ಗಾಯ ಮಾಗಿದ ಮೇಲೆ ತೆಗೆಯುತ್ತಾರೆ. ಶುರುವಾಗುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿದ್ದಾರಾ ಕೇಳು. ಹುಳುಕು ಹಲ್ಲು ಕೀಳಿಸುವುದಿದ್ದರೆ ಈಗಲೇ, ಆಮೇಲೆ ಅಲ್ಲಿ ಗಾಯ ಮಾಗುವುದು ಕಷ್ಟ. ಕಿಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯುವುದು ಬೇಡ, ರಾತ್ರಿಯಾದರೂ ಹೊರಡಿ. ಶನಿವಾರ ರಜೆ ಅಂತ ಘಟ್ಟ ಹತ್ತಿ ಊರಿಗೆ ಹೋಗುವ ಹುಕಿಯೂ ಬೇಡ. ಎಲ್ಲ ಮುಗಿದ ಮೇಲೆ ಹಳ್ಳಿ ಮನೆಗೆ ಹೋಗಿ, ನೀನು ಜೊತೆಗಿರುತ್ತೀಯಲ್ಲ. ಸಲೈನ್ ಬೇಕಾದರೆ ಶಿರಸಿಯಲ್ಲಿ ಎಲ್ಲಿಗೆ ಹೋಗಬೇಕು ಅಂತ ಮೊದಲೇ ನೋಡಿಟ್ಟುಕೊಂಡಿರು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೂ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ನಮಗೆಲ್ಲಿ ಸಿಗುತ್ತದೆ ಅಂತ ತೋಟ ಇರುವವರು ಕೇಳುವುದೇ ಇಲ್ಲ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ.

ಮಗಳ ಶಾಲೆ ಬದಲಿಸಬೇಡ. ಎರಡು ತಿಂಗಳಿಗೆ ಹೊಸ ಶಾಲೆ, ಹೊಸ ಮಿಸ್ಸು, ಕಾಯಿಲೆಯ ಅಜ್ಜ, ಗಾಬರಿಯ ಅಮ್ಮ, ಅಷ್ಟು ಭಾರ ಅವಳಿಗೆ ಯಾಕೆ? ಅಪ್ಪ ಇದ್ದಾನೆ, ಅಜ್ಜಿ ಇದ್ದಾರೆ. ನಿನ್ನ ಗಂಡನಿಗೆ ಜಡೆ ಹಾಕಲು ಬರದಿದ್ದರೆ ಕೂದಲು ಕತ್ತರಿಸಿ. ಕ್ರಿಸ್‌ಮಸ್ ರಜೆಯಲ್ಲಿ ಇಬ್ಬರೂ ಮಣಿಪಾಲಕ್ಕೆ ಬಂದಿರಲಿ. ಅತ್ತೆಯ ಹತ್ತಿರ ವಾದ ಬೇಡ. ಅಣ್ಣನ ಎರಡು ವಾರ, ನಿನ್ನ ಎರಡು ತಿಂಗಳು, ವಾಪಸ್ ಬರುವ ತಾರೀಕು, ಮೂರನ್ನೂ ಕ್ಯಾಲೆಂಡರಿನಲ್ಲಿ ಬರೆದು ಅಡಿಗೆಮನೆಯಲ್ಲಿ ತೂಗುಹಾಕು. ಯಾವಾಗ ಬರುತ್ತಾಳೋ ಗೊತ್ತಿಲ್ಲ ಎನ್ನುವುದೇ ಅವರ ಸಿಟ್ಟಿನ ಮುಕ್ಕಾಲು ಭಾಗ. ಆಫೀಸಿನಲ್ಲೂ ಅದೇ ತಾರೀಕು ಹೇಳು.

ಇನ್ನು ಕವಳ, ಅಂದರೆ ಎಲೆ-ಅಡಿಕೆ. ನೀನು ಬರೆದಿಲ್ಲ, ಆದರೂ ನಮ್ಮ ಕಡೆ ಕೆನ್ನೆಯ ಕ್ಯಾನ್ಸರ್ ಅಂದರೆ ನೋಡಲು ಬಂದವರೆಲ್ಲ ಆ ಮಾತನ್ನೇ ಎತ್ತುತ್ತಾರೆ. ತಂಬಾಕು ಮಾತ್ರ ಅಲ್ಲ, ಅಡಿಕೆಯನ್ನೇ ಕ್ಯಾನ್ಸರ್ ತರುವ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸೇರಿಸಿದೆ. ಆದರೆ ನಿನ್ನ ಫೀಸು ಕಟ್ಟಿದ್ದೂ ಅದೇ ಅಡಿಕೆ, ಅಲ್ವಾ? ಅವರು ಕವಳ ಹಾಕುತ್ತಿದ್ದರೆ ಬಿಡಲೇಬೇಕು. ಅದನ್ನು ಡಾಕ್ಟರ್ ಹೇಳುತ್ತಾರೆ. ನೀನು ಜಗುಲಿಯ ಮೇಲಿನ ಕವಳದ ಬಟ್ಟಲು ಎತ್ತಿ ಒಳಗಿಡು, ಬಂದವರು ಕೇಳಿದರೆ ಚಾ ಕೊಡು. ಹಳೆಯದನ್ನು ಕೆದಕುವವರು ಇದ್ದರೆ ಅವರಿಗೆ ಚಾ ಕೂಡ ಬೇಡ.

ಕೊನೆಗೆ ಆ ಎರಡು ಮಾತಿನ ಫೋನು. ಕೆನ್ನೆಯ ಆಪರೇಶನ್ ಆದವರಿಗೆ ಮಾತು ಮೊದಲಿನ ಹಾಗೆ ಹೊರಡುವುದಿಲ್ಲ ತಂಗಿ. ತೊದಲುತ್ತದೆ, ಎಂಜಲು ಸುರಿಯುತ್ತದೆ. ಬೇಡ ಎನ್ನುವುದು ನಿನ್ನನ್ನೋ, ಫೋನನ್ನೋ, ಅಲ್ಲಿಂದ ಹೇಳಲಾಗುವುದಿಲ್ಲ. ಬರಲಾ ಅಂತ ಇನ್ನೊಮ್ಮೆ ಕೇಳಬೇಡ. ಈ ಶುಕ್ರವಾರ ರಾತ್ರಿ ಬಸ್ಸಿಗೆ ಹೋಗಿ ಎರಡು ದಿನ ಇದ್ದು ಬಾ, ತೋಟದ ಮಾತು ಅಲ್ಲೇ ಮುಗಿಸು. ಮಗಳನ್ನೂ ಕರೆದುಕೊಂಡು ಹೋಗು. ಅಜ್ಜನ ಮಾತು ತಿಳಿಯದಿದ್ದರೆ ಅವಳು "ಏನು ಅಜ್ಜ, ಇನ್ನೊಂದು ಸಲ ಹೇಳು" ಅಂತ ನೇರ ಕೇಳುತ್ತಾಳೆ. ನಾವಾದರೆ ಅರ್ಥವಾದವರ ಹಾಗೆ ತಲೆ ಆಡಿಸಿಬಿಡುತ್ತೇವೆ.